ಖುರಾಕಿನ ಗುಳಿಗೆ

"ಯವ್ವಾ, ಅಲ್ಲೇ ನಿಂದ್ರು. ಹೆಣ್ಣಮಕ್ಕಳು ಒಳಗ ಬರಬಾರದು."

ಕುಸ್ತಿ ಕಲಿಸುವ ವಸ್ತಾದ ಲಕ್ಷ್ಮಪ್ಪ ಕೈ ಅಡ್ಡ ಹಿಡಿಯುವಷ್ಟರಲ್ಲಿ ಗದಿಗೆವ್ವ ಬೆಟಗೇರಿಯ ಆ ಗರಡಿಮನೆಯ ಹೊಸ್ತಿಲು ದಾಟಿಯಾಗಿತ್ತು. ಕೆಂಪು ಮಣ್ಣಿನಲ್ಲಿ ಜೋಡಿ ಹಿಡಿದಿದ್ದ ಪೈಲ್ವಾನರು ಪಟ್ಟು ಬಿಟ್ಟು ಎದ್ದರು. ಎಂಟು ವರ್ಷ ಅವಳು ಈ ಬಾಗಿಲ ತನಕ ಮಾತ್ರ ಬಂದು, ಮಗ ವೀರುವಿಗೆ ಖುರಾಕಿಗೆಂದು ಬಾದಾಮಿ ಅರೆದು ಹಾಕಿದ ಹಾಲಿನ ತಂಬಿಗೆ ಕೊಟ್ಟು ತಿರುಗಿ ಹೋದವಳು. ಖಾನಾವಳಿಯಲ್ಲಿ ರೊಟ್ಟಿ ಬಡಿದು ಆ ಹಾಲು ತಂದವಳು.

ವೀರು ಸತ್ತು ಹದಿನಾಲ್ಕು ದಿನವಾಗಿತ್ತು. ಮುಂಡರಗಿಯ ಕುಸ್ತಿಯಲ್ಲಿ ಎದುರಾಳಿಯ ಮೊಣಕಾಲು ಹೊಟ್ಟೆಗೆ ತಗುಲಿತ್ತು, ಅಷ್ಟೇ. ಎದ್ದು ನಕ್ಕಿದ್ದ ಕೂಡ. ಗದಗಿನ ದವಾಖಾನೆ ಮುಟ್ಟುವಷ್ಟರಲ್ಲಿ ಹೊಟ್ಟೆಯ ತುಂಬ ರಕ್ತ. ಆಪರೇಶನ್ ಟೇಬಲ್ಲಿನ ಮೇಲೆಯೇ ಹೋದ.

ಮೂರನೆಯ ದಿನ ಅಲ್ಲಿನ ಡಾಕ್ಟರ್ ಶೈಲಾ ಗದಿಗೆವ್ವನನ್ನು ಕರೆಸಿಕೊಂಡಿದ್ದರು.

"ಅವನ ಲಿವರಿನೊಳಗ ಸಣ್ಣ ಸಣ್ಣ ಗುಂಡಿ ಆಗಿ ರಕ್ತ ನಿಂತಿತ್ರಿ. ಭಾಳ ಅಪರೂಪದ ಬ್ಯಾನಿ. ಟಿಬಿ ಇದ್ದವರಿಗೆ, ಕಿಡ್ನಿ ಬದಲಿ ಮಾಡಿಸಿಕೊಂಡವರಿಗೆ ಒಮ್ಮೊಮ್ಮೆ ಬರತೈತಿ. ಅಂಥಾದ್ದೇನೂ ಇವಗ ಇದ್ದಿಲ್ಲ. ಗುಳಿಗಿ ಏನರ ತಗೋತಿದ್ದನೇನು?"

ಗದಿಗೆವ್ವ ಅವನ ಟ್ರಂಕಿನಲ್ಲಿದ್ದ ಬಾಟಲಿ ತಂದು ತೋರಿಸಿದಳು. ಡಾಕ್ಟರ್ ಅದರ ಮೇಲಿನ ಚೀಟಿ ಓದಿದರು.

"ಮೈ ಕಟ್ಟಾಕ ತಿನ್ನೂ ಸ್ಟಿರಾಯ್ಡ್ ಇವು. ಇವುಗಳಿಂದ ಹಿಂಗ ಆಗತೈತಿ. ಬ್ಯಾರೆ ಯಾರರ ತಿನ್ನಾಕ ಹತ್ತಿದ್ರ ಜಲ್ದಿ ಕಳಸ್ರಿ. ಈಗ ಬಿಟ್ರ ಉಳದಾರು."

ಗದಿಗೆವ್ವ ಹೂಂ ಅಂದಳು. ಯಾರಿಗೂ ಹೇಳಲಿಲ್ಲ. ಆ ಗುಳಿಗೆ ಕೊಡುವವನು ವಸ್ತಾದನೇ, ಅವನ ಮಗ ಸುದೀಪನೂ ಅದನ್ನೇ ತಿನ್ನುತ್ತಾನೆಂದು ವೀರು ಒಮ್ಮೆ ಹೇಳಿದ್ದ. ತಿನ್ನಲಿ, ಅಂದುಕೊಂಡಳು. ಲಕ್ಷ್ಮಪ್ಪನಿಗೂ ಹೆಣ ಹೊರುವುದು ಗೊತ್ತಾಗಲಿ. ಆ ಮಾತನ್ನು ಹಿಟ್ಟಿನ ಮೇಲೆ ಬಡಿಬಡಿದು ಹನ್ನೊಂದು ದಿನ ಕಳೆದಳು.

ನಿನ್ನೆ ಖಾನಾವಳಿಯಲ್ಲಿ ಉಣ್ಣಲು ಕೂತವನೊಬ್ಬ, "ವೀರು ಕುಡೀತಿದ್ದನಂತ, ಅದಕ್ಕ ಲಿವರ್ ಹೋತಂತ. ವಸ್ತಾದ್ರ ಹೇಳಿದ್ರು" ಅಂದ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಲಾಯಿತು. ಸುಮ್ಮನಿದ್ದು ತೀರಿಸುವ ಸೇಡು ಅವಳಿಗೆ ಸಾಲದೆನಿಸಿತು.

ಈಗ ಅವಳು ಸೆರಗಿನ ಗಂಟು ಬಿಚ್ಚಿ ಬಾಟಲಿ ತೆಗೆದಳು.

"ವಸ್ತಾದ್ರ, ಇವೇನು?"

"ವಿಟಮಿನ್, ಯವ್ವಾ. ಖುರಾಕಿನ ಗುಳಿಗಿ. ಅಂಜೂವಂಥಾದ್ದೇನಲ್ಲ."

"ಹಂಗಾರ ತಗೋರಿ." ನಾಲ್ಕು ಗುಳಿಗೆಗಳನ್ನು ಅವನ ಅಂಗೈಗೆ ಸುರಿದಳು. "ನನ್ನ ಮಗ ದಿನಾ ನಾಕು ನುಂಗತಿದ್ದ. ನೀವು ಇವತ್ತೊಂದಿನ ನುಂಗ್ರಿ."

ಲಕ್ಷ್ಮಪ್ಪ ಶಿಷ್ಯರ ಕಡೆ ನೋಡಿ ನಕ್ಕ. ಯಾರೂ ನಗಲಿಲ್ಲ.

"ನನಗ ವಯಸ್ಸಾತು, ಯವ್ವಾ."

"ವಿಟಮಿನ್ ವಯಸ್ಸಾದವರಿಗೇ ಬೇಕಲ್ರಿ."

ಮೈಗೆಲ್ಲ ಮಣ್ಣು ಮೆತ್ತಿಕೊಂಡಿದ್ದ ಸುದೀಪ ಮುಂದೆ ಬಂದ.

"ನುಂಗಪ್ಪಾ."

"ನೀ ಸುಮ್ಮನಿರಲೇ."

"ಆರ ತಿಂಗಳಾತು ನನಗ ಕೊಡಾಕ ಹತ್ತಿ. ನುಂಗು."

ಲಕ್ಷ್ಮಪ್ಪನ ಕೈ ಮೀಸೆಯ ತನಕ ಏರಿ ನಿಂತಿತು. ಬೆರಳು ಸಡಿಲಾದವು. ಗುಳಿಗೆಗಳು ಒಂದೊಂದಾಗಿ ಮಣ್ಣಿಗೆ ಬಿದ್ದವು. ಗದಿಗೆವ್ವ ಕಣ್ಣು ಕೀಳದೆ, ಹಸಿದವಳಂತೆ ಆ ಮುಖವನ್ನು ನೋಡಿದಳು.

"ನನ್ನ ಮಗ ಕುಡೀತಿದ್ದನೇನು? ಇವರ ಮುಂದ ಹೇಳು."

"ಇಲ್ಲ."

"ಜೋರಾಗಿ ಹೇಳು."

"ಕುಡೀತಿದ್ದಿಲ್ಲ!" ಲಕ್ಷ್ಮಪ್ಪನ ದನಿ ಒಡೆಯಿತು.

ಅವಳು ಸುದೀಪನ ಕಡೆ ತಿರುಗಿದಳು. "ಡಾಕ್ಟರು ಹೇಳಿ ಹನ್ನೊಂದ ದಿನ ಆತು. ಇವು ತಿಂದವರ ಲಿವರಿನ್ಯಾಗ ರಕ್ತ ನಿಲ್ಲತೈತಂತ. ಗೊತ್ತಿದ್ದೂ ನಾ ಸುಮ್ಮನಿದ್ನಿ. ನೀನೂ ಹೋಗಲಿ ಅಂತ. ಅದನ್ನೂ ತಿಳಕೋ. ಇವತ್ತ ಹೋಗಿ ತೋರಿಸು."

ಸುದೀಪ ಮೈಯ ಮಣ್ಣು ತೊಳೆದುಕೊಳ್ಳಲು ಹಿಂಬದಿಯ ನಲ್ಲಿಯ ಕಡೆ ಹೋದ.

ಗದಿಗೆವ್ವ ಹೊರಗೆ ಬಂದಳು. ಓಣಿಯಲ್ಲಿ ಬಿಸಿಲು ಏರಿತ್ತು. ಬೆನ್ನ ಹಿಂದೆ ಲಕ್ಷ್ಮಪ್ಪ ಮಗನ ಹೆಸರು ಹಿಡಿದು ಕೂಗಿದ. ಮತ್ತೊಮ್ಮೆ ಕೂಗಿದ. ಅವಳು ನಿಂತು ಕೇಳಿಸಿಕೊಂಡಳು. ಸುದೀಪ ಮೈಮೇಲೆ ನೀರು ಸುರಿದುಕೊಳ್ಳುವ ಸಪ್ಪಳ ಮಾತ್ರ ಕೇಳುತ್ತಲೇ ಇತ್ತು.