ಬಿಳಿ ಬಳಿದ ಕುಂಬಳಕಾಯಿ

ಬೀದಿಯ ಅಂದ ಕೆಡಬಾರದು, ಮಕ್ಕಳು ವೇಷ ಹಾಕಿ ಮನೆಮನೆಗೆ ತಿಂಡಿ ಕೇಳಲು ಬರುವ ಹ್ಯಾಲೋವೀನ್ ಹಬ್ಬಕ್ಕೆ ಬಾಗಿಲಲ್ಲಿ ಇಡುವ ಕುಂಬಳಕಾಯಿಗಳೆಲ್ಲ ಬಿಳಿಯೇ ಇರಬೇಕು ಎಂದು ಬಡಾವಣೆಯ ಸಮಿತಿ ಚೀಟಿ ಅಂಟಿಸಿತ್ತು. ಪ್ರತಿ ವರ್ಷವೂ ಹಸಿರುನೀಲಿ ಬಳಿಯುತ್ತಿದ್ದ ಮುದುಕಿ ಲೊರೆಟ್ಟಾ ಈ ಸಲ ತುಟಿಪಿಟಕ್ಕೆನ್ನದೆ ಬಿಳಿ ಬಳಿದಳು. ಹಸಿರುನೀಲಿ ಕಾಯಿಯಿಟ್ಟ ಮನೆಯಲ್ಲಿ ತಿಂಡಿಯ ಬದಲು ಆಟಿಕೆ ಕೊಡುತ್ತಾರೆಂಬುದು, ಕಡಲೆಬೀಜ ಸೋಕಿದರೆ ಉಸಿರುಗಟ್ಟುವ ಪುಟ್ಟ ಟೆಸ್ಸಾಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಟೆಸ್ಸಾ ಮೊನೆಟೋಪಿ ಹಾಕಿಕೊಂಡು ಬಂದು ಗೇಟಿನಲ್ಲೇ ನಿಂತಳು.

"ಬಾರೇ ಮಾಟಗಾತಿ, ನಿಂಗೇ ಅಂತ ಬುಗುರಿ ತಂದಿದೀನಿ!"

"ಬೇಡ ಅಜ್ಜಿ. ನೀಲಿ ಕಾಯಿ ಇಲ್ಲದ ಮನೆಗೆ ಹೋಗಲ್ಲ ಅಂತ ಅಮ್ಮಂಗೆ ಮಾತು ಕೊಟ್ಟಿದೀನಿ."

"ಅಯ್ಯೋ, ಹೋದ ವರ್ಷದ ಅಜ್ಜೀನೇ ಕಣೇ ನಾನು!"

"ಹೋದ ವರ್ಷ ನೀಲಿ ಇತ್ತಲ್ಲ," ಎಂದು ಮಗು ಹೊರಟೇಹೋಯಿತು.

ಲೊರೆಟ್ಟಾ ಕೂತು ಉಗುರಿನಿಂದ ಬಿಳಿ ಕೆರೆದಳು. ಸಮಿತಿಯವರು ಅಂಟಿಸಿದ್ದು ಬರೀ ಚೀಟಿ. ಕುಂಚ ಹಿಡಿದದ್ದು ಅವಳದೇ ಕೈ.