ಇನ್ನೂ ಶುರುವೇ ಮಾಡಿರಲಿಲ್ಲ

ಮೇಜಿನ ಮೇಲೆ ಐದು ಔಷಧಿ ಸೀಸೆಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿ ಹಸಿರು ಮಣಿ, ಒಂದರಲ್ಲಿ ಕೆಂಪು, ಒಂದರಲ್ಲಿ ಬಿಳಿ, ಉಳಿದೆರಡರಲ್ಲಿ ಹಳದಿ ಮತ್ತು ಕಪ್ಪು. ಪ್ರತಿಯೊಂದರ ಮೇಲೂ ನನ್ನ ಗಂಡನ ದುಂಡು ಅಕ್ಷರದಲ್ಲಿ ಬರೆದ ಚೀಟಿ. ಪಕ್ಕದಲ್ಲಿ ಬರೀ ದಾರ, ನೀಟಾಗಿ ಸುತ್ತಿಟ್ಟದ್ದು.

"ಎಲ್ಲಾ ಬಣ್ಣ ಕಲಸಿಹೋಗಿತ್ತು ನೋಡು. ಬೇರೆ ಬೇರೆ ಮಾಡಿಟ್ಟಿದ್ದೀನಿ," ಅಂದರು. ಅಂದು, ಶಭಾಷ್‌ಗಿರಿಗೆ ಕಾಯುತ್ತ ನಿಂತರು.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಔಷಧಿ ಅಂಗಡಿ ಇಟ್ಟ ಮನುಷ್ಯ, ಮಾತ್ರೆ ವಿಂಗಡಿಸುವ ಕೈ. ಬೀದಿಯವರಿಗೆಲ್ಲ ಅವರು ದೇವರಂಥವರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವಳು ಯಾರೋ ಇಂಥವರ ಹೆಂಡತಿಯೇ ಇರಬೇಕು.

ನಾನು ಮಾಡಹೊರಟಿದ್ದು ಕೊಕ್ಕೆಯಲ್ಲಿ ಹೆಣೆಯುವ ಮಣಿಸರ. ಈ ಹೆಣಿಗೆಯಲ್ಲಿ ಮಣಿಯನ್ನೆಲ್ಲ ಮೊದಲೇ ದಾರಕ್ಕೆ ಪೋಣಿಸಿಕೊಳ್ಳಬೇಕು. ಅದೂ ಹಿಂದುಮುಂದಾಗಿ, ಕಡೆಗೆ ಪೋಣಿಸಿದ್ದು ಮೊದಲು ಹೆಣಿಗೆಗೆ ಬರುತ್ತದೆ. ಒಂದು ಮಣಿ ತಪ್ಪಿದರೆ ಅಲ್ಲಿಂದ ಮುಂದಿನ ಬಳ್ಳಿಯ ಚಿತ್ತಾರವೆಲ್ಲ ವಾಲಿಕೊಳ್ಳುತ್ತದೆ. ದಾರದ ಮೇಲೆ ನೋಡಿದರೆ ಅದು ಕಲಸಿಹೋದಂತೆಯೇ ಕಾಣುತ್ತದೆ. ಕೊಕ್ಕೆ ಹಿಡಿದು, ಒಂದೊಂದು ಕುಣಿಕೆಗೆ ಒಂದೊಂದು ಮಣಿ ಸರಿಸಿ ಸುತ್ತ ಹೆಣೆದಾಗಲೇ ಎಲೆಯೂ ಹೂವೂ ಮೇಲೇಳುವುದು. ಮೂರು ಸಾವಿರ ಚಿಲ್ಲರೆ ಮಣಿ, ಒಂಬತ್ತು ದಿನ, ನಕ್ಷೆಯ ಮೇಲೆ ಬೆರಳಿಟ್ಟು ಪೋಣಿಸಿದ್ದೆ. ಹೆಣೆಯಲು ಎರಡು ದಿನ ಸಾಕಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಶುಕ್ರವಾರ ಆ ಸರವನ್ನು ಕರಕುಶಲ ಶಾಲೆಗೆ ಒಪ್ಪಿಸಬೇಕಿತ್ತು. ಅದನ್ನು ನೋಡಿ, ಅಲ್ಲಿ ಹೆಣಿಗೆ ಕಲಿಸುವವಳ ಕೆಲಸ ಯಾರಿಗೆಂದು ತೀರ್ಮಾನಿಸುತ್ತಾರೆ. ನನ್ನ ನಲವತ್ತಾರನೇ ವಯಸ್ಸಿನಲ್ಲಿ ನಾನಾಗಿಯೇ ಅರ್ಜಿ ಹಾಕಿದ್ದ ಮೊದಲ ಕೆಲಸ ಅದು. ಅವತ್ತು ಬುಧವಾರ.

"ಅದು ಕಲಸಿದ್ದಲ್ಲ, ಲೆಕ್ಕ ಹಾಕಿ ಪೋಣಿಸಿದ್ದು," ಅಂದೆ. "ಪೋಣಿಸೋದೇ ಇದರಲ್ಲಿ ದೊಡ್ಡ ಕೆಲಸ ಅಂತ ಎಷ್ಟು ಸಲ ಹೇಳಿದ್ದೀನಿ ನಿಮಗೆ?"

"ನೀನಿನ್ನೂ ಶುರುವೇ ಮಾಡಿರಲಿಲ್ಲವಲ್ಲೇ."

ಒಳಗಿಂದ ಅತ್ತೆ, "ಪಾಪ, ನಿನಗೆ ಸಹಾಯ ಆಗ್ಲಿ ಅಂತ ಮಾಡಿದಾನೆ, ಬಿಡು," ಅಂದರು. ಅವರ ಮಗ ಮನೆಗೆ ಬೆಂಕಿ ಹಚ್ಚಿದರೂ ಚಳಿಗೆ ಅಂತ ಹಚ್ಚಿದಾನೆ ಅನ್ನುತ್ತಾರೆ.

ನಾನು ಶಾಲೆಯ ನಂಬರು ಒತ್ತಿ ಫೋನನ್ನು ಗಂಡನ ಕೈಗೆ ತುರುಕಿದೆ. "ಏನು ಮಾಡಿದ್ರಿ ಅಂತ ನೀವೇ ಹೇಳಿ."

ಅವರು ಗಂಟಲು ಸರಿಮಾಡಿಕೊಂಡು, ಅಂಗಡಿಯ ವಿನಯದಲ್ಲಿ ಶುರುಮಾಡಿದರು. "ಮೇಡಂ, ನಮ್ಮ ಮನೆಯವಳ ಸರ ಶುಕ್ರವಾರಕ್ಕೆ ಆಗೋ ಹಾಗಿಲ್ಲ. ಇನ್ನೂ ಶುರು ಮಾಡಿರಲಿಲ್ಲ. ಮಣಿ ಪೋಣಿಸಿಟ್ಟಿದ್ದಳು ಅಷ್ಟೆ, ನಾನು ಗೊತ್ತಿಲ್ಲದೆ ಬಿಚ್ಚಿಬಿಟ್ಟೆ."

ಆ ಕಡೆಯಿಂದ ಶಾಲೆಯ ಮುಖ್ಯಸ್ಥೆಯ ಮಾತು ನನಗೂ ಕೇಳಿಸಿತು. "ಪೂರ್ತಿ ಪೋಣಿಸಿ ಆಗಿತ್ತಾ? ಹಾಗಾದ್ರೆ ಮುಕ್ಕಾಲು ಪಾಲು ಕೆಲಸ ಮುಗಿದಿತ್ತು ಸ್ವಾಮಿ. ಅದರಲ್ಲಿ ಪೋಣಿಸೋದೇ ದೊಡ್ಡ ಕೆಲಸ." ದಿನ ಮುಂದೂಡಲು ಆಗುವುದಿಲ್ಲ, ಗೇಣುದ್ದ ಮಾಡಿ ತಂದರೂ ಸಾಕು, ಕೈ ನೋಡಿದರೆ ತಿಳಿಯುತ್ತದೆ ಎಂದು ಹೇಳಿ ಫೋನಿಟ್ಟರು.

ನನ್ನ ಗಂಡನ ಮುಖ ಇಳಿದುಹೋಯಿತು. ನಿಜವಾಗಿಯೂ ನೊಂದುಕೊಂಡರು, ಸುಳ್ಳು ಹೇಳಬಾರದು. ಕಣ್ಣರಳಿಸಿ, ಹೊಸ ಸುದ್ದಿ ತಂದವರಂತೆ ನನ್ನ ಕಡೆ ತಿರುಗಿದರು.

"ಪೋಣಿಸೋದೇ ದೊಡ್ಡ ಕೆಲಸವಂತೆ ಕಣೇ. ಮೇಡಂ ಹೇಳಿದ್ರು."

ಸೀಸೆಗಳನ್ನು ಕಂಡಾಗ ಬಂದ ಸಿಟ್ಟು ಸಿಟ್ಟೇ ಅಲ್ಲ ಅನ್ನಿಸಿತು. ಒಂಬತ್ತು ದಿನದ ಮಣಿ ಹೋದರೆ ಮತ್ತೆ ಪೋಣಿಸಬಹುದು. ಇಪ್ಪತ್ತೆರಡು ವರ್ಷ ನಾನು ಆಡಿದ್ದು ಈ ಮನುಷ್ಯನ ಕಿವಿಗೆ ಬಿದ್ದಿರಲಿಲ್ಲ. ಮುಖ ಕಾಣದ ಹೆಂಗಸು ಅರ್ಧ ನಿಮಿಷದಲ್ಲಿ ಹೇಳಿದ್ದು ವೇದವಾಗಿತ್ತು.

ಸೀಸೆಗಳನ್ನು ಮಡಿಲಿಗೆ ಹಾಕಿಕೊಂಡೆ. ಸೂಜಿ, ನಕ್ಷೆ, ದಾರ ಎತ್ತಿಕೊಂಡು ಒಳಕೋಣೆಗೆ ನಡೆದೆ. ಅವರು ಬಾಗಿಲವರೆಗೂ ಹಿಂದೆಯೇ ಬಂದರು.

"ನಾನೂ ಒಂದಷ್ಟು ಪೋಣಿಸಿಕೊಡ್ಲಾ? ಹೇಗೆ ಅಂತ ಹೇಳು, ಮಾಡ್ತೀನಿ."

"ನಾನು ಹೇಳಿದ್ರೆ ನಿಮಗೆ ಕೇಳ್ಸಲ್ಲ," ಅಂದೆ. "ಮೇಡಂನ ಕೇಳಿ."

ಬಾಗಿಲು ಹಾಕಿಕೊಂಡು ಚಿಲಕ ಸರಿಸಿದೆ.