ತಗಡು ಹೊಡೆದ ಪೆಟ್ಟಿಗೆ

“ನೀರು ಬಾಗಿಲ ಹತ್ರ ಸೋರ್ತಿದೆಯಾ, ಇಲ್ಲ ಕೆಳಗಿಂದಲಾ?” ಎಂದು ಸೊಸೆ ಕೇಳಿದಳು. ಆ ಕಡೆಯ ಹೆಂಗಸು “ಕೆಳಗಿ...” ಎಂದಳು. ಅಷ್ಟೆ, ಹೆಡ್‌ಫೋನು ಸ್ತಬ್ಧವಾಯಿತು. ಬಟ್ಟೆ ಒಗೆಯುವ ಮೆಷಿನ್ನಿನ ಕಂಪನಿಗೆ ಬರುವ ದೂರುಗಳಿಗೆ ಮನೆಯಲ್ಲೇ ಕೂತು ಉತ್ತರ ಹೇಳುವ ಕೆಲಸ ಅವಳದು. ದಿನವಿಡೀ ಕಂಡವರ ಮೆಷಿನ್ನಿಗೆಲ್ಲ ಮದ್ದು ಹೇಳುತ್ತಾಳೆ. ತನ್ನ ಮನೆಯ ವೈಫೈ ಮಾತ್ರ ಅವಳ ಮಾತು ಕೇಳುವುದಿಲ್ಲ.

ಕೂಡಲೇ ಮೊಬೈಲಿಗೆ ಸೂಪರ್‌ವೈಸರ್ ಫೋನು. “ಮತ್ತೆ ಕಟ್ಟಾಯ್ತು ನೋಡಿ. ಮೇಲಿನವರಿಗೆ ಹೇಳಿ ಹೇಳಿ ನನಗೂ ಸಾಕಾಗಿದೆ. ಈ ವಾರದೊಳಗೆ ನೆಟ್ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಸೋಮವಾರದಿಂದ ಆಫೀಸಿಗೇ ಬನ್ನಿ.”

ಆಫೀಸು ಇರುವುದು ಇನ್ನೊಂದು ಊರಿನಲ್ಲಿ. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮಾವನನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ಹೋಗದಿದ್ದರೆ ಕೆಲಸ ಬಿಡಬೇಕು. ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ಮಾತ್ರ ತಿಳಿಯಲಿಲ್ಲ.

ರೂಟರನ್ನು ಆಫ್ ಮಾಡಿ ಆನ್ ಮಾಡಿದ್ದಾಯಿತು, ವಯರು ಬದಲಿಸಿದ್ದಾಯಿತು. ನೆಟ್ಟಿನವನೂ ಬಂದಿದ್ದ. ರೂಟರ್ ಇಟ್ಟಿದ್ದ ಮರದ ಪೆಟ್ಟಿಗೆಯ ಬಾಗಿಲು ತೆರೆದು ನೋಡಿ, “ಚೆನ್ನಾಗೇ ಬರ್ತಿದೆಯಲ್ಲ ಅಕ್ಕಾ,” ಎಂದು ಹೊರಟಿದ್ದ. ಅವನು ಗೇಟು ದಾಟುವಷ್ಟರಲ್ಲಿ ನೆಟ್ ಮಂಗಮಾಯ.

ಮರುದಿನ ಊಟದ ಬಿಡುವಿನಲ್ಲಿ ಗುಟ್ಟು ತಾನಾಗಿ ಹೊರಬಿತ್ತು. ರೂಟರಿನ ಧೂಳು ಒರೆಸಿ, ಪೆಟ್ಟಿಗೆಯ ಬಾಗಿಲು ತೆರೆದೇ ಬಿಟ್ಟು, ಅವಳು ಎದುರಿಗೆ ಮೊಬೈಲು ಹಿಡಿದು ಕೂತಿದ್ದಳು. ವೈಫೈ ಸಿಗ್ನಲ್ ಪೂರ್ತಿ ಇತ್ತು. ಮಾವ ಕೋಲೂರಿಕೊಂಡು ಬಂದರು. “ಬಾಗಿಲು ಹೀಗೆ ಬಾಯಿ ಬಿಟ್ಕೊಂಡಿದ್ರೆ ನೋಡೋಕಾಗುತ್ತಾ?” ಎನ್ನುತ್ತ ಎಡಗೈಯಿಂದ ಮುಚ್ಚಿದರು. ಕೂದಲೆಳೆಯೂ ನುಸುಳದಂತೆ ಟಕ್ಕೆಂದು ಕೂತಿತು. ಮೊಬೈಲಿನಲ್ಲಿ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಹೋದವು.

ಮಾವ ಬಡಗಿ. ಅರ್ಧ ತೆರೆದ ಬಾಗಿಲು ಕಂಡರೆ ಅವರಿಗೆ ಗಂಟಲಲ್ಲಿ ಅನ್ನ ಇಳಿಯದು. ಕೈ ಬಿದ್ದುಹೋದ ಮೇಲೆ ಅವರು ಮಾಡಿದ ಮೊದಲ ವಸ್ತು ಈ ಪೆಟ್ಟಿಗೆ. ಸೊಸೆಗೆ ಅನ್ನ ಕೊಡುವ ಡಬ್ಬಿ ಕಿಟಕಿಯ ಮೇಲೆ ದಿಕ್ಕಿಲ್ಲದಂತೆ ಕೂತಿರಬಾರದೆಂದು, ಎಡಗೈಯಲ್ಲೇ ಕೊಯ್ದು, ಉಜ್ಜಿ, ತಿಂಗಳುಗಟ್ಟಲೆ ಕೂತು ಮಾಡಿದ್ದರು. ಡಬ್ಬಿ ಕಾದು ಮರಕ್ಕೆ ಬೆಂಕಿ ಹತ್ತೀತೆಂದು ಒಳಗೆಲ್ಲ, ಬಾಗಿಲಿನ ಹಿಂಬದಿಗೂ, ತಗಡು ಹೊಡೆದಿದ್ದರು. ಬಾಗಿಲು ಮುಚ್ಚಿದಾಗಲೆಲ್ಲ ಆ ತಗಡು ಸಿಗ್ನಲನ್ನು ಒಳಗೇ ಕೂಡಿಹಾಕುತ್ತಿತ್ತು. ಮನೆಗೆ ಬಂದವರೆಲ್ಲ ಆ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ‘ಭೇಷ್’ ಅನ್ನಲೇಬೇಕಿತ್ತು. ಹೀಗಿರುವಾಗ ಯಾವ ಬಾಯಲ್ಲಿ ಹೇಳುವುದು?

ಮಾವ ಮಲಗಿದ್ದಾಗ ಅವಳು ರೂಟರನ್ನು ಹೊರತೆಗೆದು, ಪೆಟ್ಟಿಗೆಯ ಹಿಂದೆ ಟವೆಲಿನಡಿ ಬಚ್ಚಿಟ್ಟಳು. ಆಮೇಲೆ ಒಂದು ಕರೆಯೂ ಕಡಿಯಲಿಲ್ಲ. ಆದರೆ ಕದ್ದ ಕೆಲಸ ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಕೂರುವ ಹೊತ್ತಿಗೆ ಮಾವ ಟವೆಲು ಹಿಡಿದು ನಿಂತಿದ್ದರು.

“ಇದನ್ನ ಯಾಕೆ ಹೊರಗಿಟ್ಟೆ?”

ರೇಗುವ ಗಿರಾಕಿಗಳನ್ನು ನಯವಾದ ಮಾತಿನಲ್ಲೇ ಸಾಗಹಾಕುವುದರಲ್ಲಿ ಅವಳು ಪಳಗಿದವಳು. ಆದರೂ ಆ ಮುಖದ ಎದುರು ಸುಳ್ಳು ನಾಲಗೆಗೆ ಬರಲಿಲ್ಲ.

“ಒಳಗಿಟ್ರೆ ನೆಟ್ ಹೋಗುತ್ತೆ ಮಾವ. ತಗಡಿಂದ. ಮರದ ಕೆಲಸದಲ್ಲಿ ಏನೂ ತಪ್ಪಿಲ್ಲ.”

“ಹೇಳೋಕೆ ಬಾಯಿಗೇನಾಗಿತ್ತು?”

“ನಿಮಗೆ ಬೇಜಾರಾಗುತ್ತೆ ಅಂತ...”

ಮಾವನ ಮುಖ ಕೆಂಪಾಯಿತು. “ಲಕ್ವ ಹೊಡೆದಾಗಿಂದ ಎಲ್ರೂ ನನ್ ಹತ್ರ ಮೆತ್ತಗೆ ಮಾತಾಡ್ತೀರಿ. ಬೈಸ್ಕೊಂಡು ಬೈಸ್ಕೊಂಡೇ ಕೆಲಸ ಕಲಿತೋನು ನಾನು. ಬಾಗಿಲು ಕೂರ್ತಿಲ್ಲ ಅಂತ ಜನ ರಸ್ತೇಲಿ ನಿಲ್ಲಿಸಿ ಉಗೀತಿದ್ರು, ಹೋಗಿ ಸರಿ ಮಾಡಿ ಬರ್ತಿದ್ದೆ. ನೀನು ಟವೆಲ್ ಮುಚ್ಚಿಡ್ತೀಯಾ? ನಾನೇನು ಮಗುವಾ?”

ಅವಳಿಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು. ಒಳಗೊಳಗೇ ಖುಷಿಯೂ ಆಯಿತು. ಮಾವ ಇಷ್ಟು ಜೋರಾಗಿ ಬೈದು ಎಷ್ಟು ಕಾಲವಾಗಿತ್ತು!

ಅವರು ಮಂಚದ ಕೆಳಗಿನಿಂದ ಹತಾರದ ಚೀಲ ಎಳೆದುಕೊಂಡು ಬಂದರು. ಅಷ್ಟರಲ್ಲಿ ಅವಳ ಮೊದಲ ಕರೆ ಬಂತು. ಅವಳು ಮಾತಾಡುತ್ತಿರುವಾಗಲೇ ಪಕ್ಕದಲ್ಲಿ ಮೊಳೆ ಕೀಳುವುದು ಶುರುವಾಯಿತು. ಇದ್ದ ಒಂದು ಕೈ ಇಕ್ಕಳಕ್ಕೆ ಹೋದರೆ ಬಾಗಿಲಿಗೆ ಕೈಯಿಲ್ಲ. ಅದು ಅತ್ತಿತ್ತ ಓಲಾಡುತ್ತಿತ್ತು. ಪೆಟ್ಟಿಗೆ ಮಾಡುವಾಗ ಹಲಗೆಗಳನ್ನು ಮೊಣಕಾಲಲ್ಲಿ ಅದುಮಿಕೊಂಡು ಒಬ್ಬರೇ ಒದ್ದಾಡಿದ್ದರು, ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಈಗ ಅವಳ ಕಡೆ ತಿರುಗದೆಯೇ, “ಹಿಡ್ಕೋ,” ಎಂದರು.

ಅವಳು ಕುರ್ಚಿ ಎಳೆದುಕೊಂಡು ಬಾಗಿಲನ್ನು ಒತ್ತಿ ಹಿಡಿದಳು. “ಫಿಲ್ಟರ್ ತೆಗೆದು ತೊಳೀರಿ ಸಾರ್,” ಎಂದು ಅವಳು ಫೋನಿನಲ್ಲಿ ಹೇಳುತ್ತಿರುವಾಗ ತಗಡು ಕಿರ್ರೆಂದು ಎದ್ದುಬಂತು.

ಕರೆ ಮುಗಿದದ್ದೇ ಸೂಪರ್‌ವೈಸರ್ ಲೈನಿಗೆ ಬಂದರು. “ನೆಟ್ ಸರಿಹೋಗಿದೆ, ಆಫೀಸಿಗೆ ಬರೋದೇನೂ ಬೇಡ. ಆದ್ರೆ ಹಿಂದೆ ಅದೇನ್ರೀ ಅಷ್ಟು ಸದ್ದು? ಯಾರದು?”

ಮಾವ ಮುಂದಿನ ಮೊಳೆಗೆ ಇಕ್ಕಳ ಕಚ್ಚಿಸಿದ್ದರು. ಸೊಸೆ ಹಿಡಿದ ಕೈ ಸಡಿಲಿಸದೆ ಹೇಳಿದಳು:

“ನಮ್ಮ ಮಾವ. ಕೆಲಸ ಮಾಡ್ತಿದ್ದಾರೆ.”